ಮರಗೆಲಸದ ಘಟಕಗಳ ಧೂಳು ಹೀರುವ ವ್ಯವಸ್ಥೆಯಲ್ಲಿ ಸ್ಥಾಯೀ ವಿದ್ಯುತ್ತು: ಅಪಾಯ ಮತ್ತು ನಿವಾರಣೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಹಾಗೂ ಹೊಳಲ್ಕೆರೆ ಭಾಗಗಳಲ್ಲಿ ಬಾಗಿಲು, ಕಿಟಕಿ ಮತ್ತು ಪೀಠೋಪಕರಣ ತಯಾರಿಸುವ ಘಟಕಗಳ ಸ್ಥಾಪನೆಗೆ ನಕ್ಷೆ ಅನುಮೋದನೆ, ಪರವಾನಗಿ ಅಥವಾ ವಿದ್ಯುತ್ ಸಂಪರ್ಕ ಕೋರುವ ಅರ್ಜಿದಾರರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಧೂಳು ಹೀರುವ ಯಂತ್ರವನ್ನು ಅಳವಡಿಸಿದ ಮಾತ್ರಕ್ಕೆ ಸುರಕ್ಷತೆಯ ಹೊಣೆ ಮುಗಿಯಿತೆಂದು ಭಾವಿಸುವುದು ಸರಿಯಲ್ಲ. ಅದೇ ಯಂತ್ರದ ಕೊಳವೆ, ಚೀಲ ಮತ್ತು ಪೀಪಾಯಿಗಳಲ್ಲಿ ಸ್ಥಾಯೀ ವಿದ್ಯುತ್ತು ಸಂಗ್ರಹವಾಗುತ್ತದೆ.

ಉಂಟಾಗುವ ಬಗೆ

ಎರಡು ವಸ್ತುಗಳು ಪರಸ್ಪರ ತಾಗಿ ಬೇರ್ಪಟ್ಟಾಗ ಒಂದರಿಂದ ಮತ್ತೊಂದಕ್ಕೆ ವಿದ್ಯುದಾವೇಶ ವರ್ಗವಾಗುತ್ತದೆ. ಧೂಳು ಹೀರುವ ಕೊಳವೆಯಲ್ಲಿ ಗಾಳಿಯು ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಚಲಿಸಬೇಕಾಗುತ್ತದೆ. ಇಲ್ಲವಾದಲ್ಲಿ ಹೊಟ್ಟು ಅಡ್ಡಕೊಳವೆಗಳಲ್ಲಿ ಕುಳಿತು ಕಟ್ಟಿಕೊಳ್ಳುತ್ತದೆ. ಈ ವೇಗದಲ್ಲಿ ಧೂಳಿನ ಕಣಗಳು ಕೊಳವೆಯ ಒಳಗೋಡೆಗೆ ಎಡೆಬಿಡದೆ ಬಡಿಯುತ್ತ ಸಾಗುವುದರಿಂದ ಕಣಗಳೂ ಗೋಡೆಯೂ ಆವೇಶಗೊಳ್ಳುತ್ತವೆ. ಗಾಳಿಯಲ್ಲಿ ತೇವವಿದ್ದರೆ ಈ ಆವೇಶ ವಸ್ತುಗಳ ಮೇಲ್ಮೈ ಮೂಲಕ ನಿಧಾನವಾಗಿ ಹರಿದು ಹೋಗುತ್ತದೆ. ಚಿತ್ರದುರ್ಗವು ರಾಜ್ಯದ ಒಣ ಜಿಲ್ಲೆಗಳ ಸಾಲಿಗೆ ಸೇರಿದ್ದು, ಫೆಬ್ರವರಿಯಿಂದ ಮಳೆ ಆರಂಭವಾಗುವವರೆಗೆ ಮಧ್ಯಾಹ್ನದ ಗಾಳಿ ಬಹಳ ಒಣಗಿರುತ್ತದೆ. ಮಳೆಗಾಲದಲ್ಲಿ ಯಾವ ತೊಂದರೆಯನ್ನೂ ಕೊಡದ ಯಂತ್ರವು ಮಾರ್ಚ್ ತಿಂಗಳಲ್ಲಿ ಮುಟ್ಟಿದವರಿಗೆ ಚುರ್ರೆಂದು ಹೊಡೆಯುವುದಕ್ಕೆ ಇದೇ ಕಾರಣ.

ಈ ಹೊಡೆತವು ಸ್ವತಃ ಪ್ರಾಣಾಪಾಯಕಾರಿಯಲ್ಲ. ಆದರೆ ತಿರುಗುತ್ತಿರುವ ಗರಗಸದ ಮುಂದೆ ನಿಂತ ಕೆಲಸಗಾರನು ಬೆಚ್ಚಿ ಕೈ ಎಳೆದುಕೊಂಡಾಗ ಆ ಕೈ ಎತ್ತ ಹೋಗುವುದೆಂದು ಹೇಳಲಾಗದು. ಸಣ್ಣ ಘಟಕಗಳ ಮಟ್ಟಿಗೆ ಈ ಅಪಾಯವನ್ನೇ ಮೊದಲು ಪರಿಗಣಿಸತಕ್ಕದ್ದು.

ಕಿಡಿ ಮತ್ತು ಧೂಳು

ಭೂಮಿಯ ಸಂಪರ್ಕವಿಲ್ಲದ, ಸಾಮಾನ್ಯ ಗಾತ್ರದ ಲೋಹದ ಪೀಪಾಯಿಯೊಂದು 20,000 ವೋಲ್ಟ್‌ವರೆಗೆ ಆವೇಶಗೊಂಡಲ್ಲಿ ಅದರ ಒಂದು ಕಿಡಿಯಲ್ಲಿ ಸುಮಾರು 40 ಮಿಲಿಜೂಲ್ ಶಕ್ತಿ ಬಿಡುಗಡೆಯಾಗಬಲ್ಲದು. ಚೆನ್ನಾಗಿ ಒಣಗಿದ, ಅತಿ ನುಣುಪಾದ ಮರದ ಧೂಳು ಇಷ್ಟು ಶಕ್ತಿಗೆ ಹೊತ್ತಿಕೊಳ್ಳುವ ಸಾಧ್ಯತೆಯಿದೆ. ಗರಗಸದ ಒರಟು ಹೊಟ್ಟು ಸುಲಭವಾಗಿ ಹೊತ್ತುವುದಿಲ್ಲ. ಸ್ಯಾಂಡಿಂಗ್ ಯಂತ್ರದಿಂದ, ವಿಶೇಷವಾಗಿ ಎಂಡಿಎಫ್ ಹಲಗೆಯಿಂದ ಬರುವ ಹಿಟ್ಟಿನಂತಹ ಧೂಳಿನ ಬಗ್ಗೆ ಎಚ್ಚರ ಅಗತ್ಯ. ಅದು ಗಾಳಿಯಲ್ಲಿ ದಟ್ಟವಾಗಿ ತೇಲುತ್ತಿದ್ದು, ಚೀಲ ಅಥವಾ ಪೆಟ್ಟಿಗೆಯಂತಹ ಮುಚ್ಚಿದ ಜಾಗದಲ್ಲಿ ಕಿಡಿ ತಗುಲಿದರೆ ಉರಿಯು ಸ್ಫೋಟವಾಗಿ ಪರಿಣಮಿಸುತ್ತದೆ.

ಕೆನಡಾ ದೇಶದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ 2012ರ ಜನವರಿ 20ರಂದು ಬರ್ನ್ಸ್ ಲೇಕ್‌ನ ಗರಗಸದ ಗಿರಣಿಯಲ್ಲಿಯೂ, ಅದೇ ವರ್ಷ ಏಪ್ರಿಲ್ 23ರಂದು ಪ್ರಿನ್ಸ್ ಜಾರ್ಜ್‌ನ ಗಿರಣಿಯಲ್ಲಿಯೂ ಮರದ ಧೂಳು ಸ್ಫೋಟಗೊಂಡು ತಲಾ ಇಬ್ಬರು ಕೆಲಸಗಾರರು ಮೃತಪಟ್ಟರು. ತನಿಖೆಯಲ್ಲಿ ಕಂಡುಬಂದ ಕಿಡಿಯ ಮೂಲ ಸ್ಥಾಯೀ ವಿದ್ಯುತ್ತಲ್ಲ, ಯಂತ್ರಭಾಗಗಳ ಘರ್ಷಣೆಯ ಶಾಖ. ಹಾಗಿದ್ದರೂ ಈ ಪ್ರಕರಣಗಳನ್ನು ಇಲ್ಲಿ ಹೇಳಲು ಕಾರಣವಿದೆ. ಕಿಡಿ ಯಾವುದರಿಂದಲೇ ಬರಲಿ, ಉರಿಯಲು ಸಿಕ್ಕಿದ್ದು ಕಟ್ಟಡದೊಳಗೆ ಕೂಡಿಟ್ಟುಕೊಂಡಿದ್ದ ಒಣ ಧೂಳು. ತೊಲೆ, ದೀಪದ ಕವಚ, ಕೊಳವೆಯ ಬೆನ್ನು ಇವುಗಳ ಮೇಲೆ 3 ಮಿಲಿಮೀಟರ್ ದಪ್ಪದಷ್ಟು ನುಣುಪು ಧೂಳು ಕುಳಿತಿದ್ದರೂ ಅದನ್ನು ಅಪಾಯದ ಸೂಚನೆಯೆಂದೇ ತಿಳಿಯತಕ್ಕದ್ದು. ಅದನ್ನು ಗಾಳಿ ಯಂತ್ರದಿಂದ ಊದಿ ಹಾರಿಸುವ ರೂಢಿಯನ್ನು ಬಿಡಬೇಕು.

ಪಿವಿಸಿ ಕೊಳವೆ ಮತ್ತು ತಾಮ್ರದ ತಂತಿ

ಕೊಳವೆಬಾವಿ ಮತ್ತು ನೀರಾವರಿಗೆಂದು ದೊರೆಯುವ ಪಿವಿಸಿ ಕೊಳವೆಗಳು ಎಲ್ಲ ಪಟ್ಟಣಗಳಲ್ಲಿ ಅಗ್ಗವಾಗಿ ಸಿಗುವುದರಿಂದ ಅವುಗಳನ್ನೇ ಧೂಳಿನ ಮಾರ್ಗಕ್ಕೆ ಬಳಸಿ, ಮೇಲೆ ತಾಮ್ರದ ತಂತಿ ಸುತ್ತಿ ಅರ್ಥಿಂಗ್ ಮಾಡಿದೆವೆಂದು ಹೇಳುವುದುಂಟು. ಇದು ಅರ್ಧ ಸತ್ಯ. ಪಿವಿಸಿ ವಿದ್ಯುತ್ ನಿರೋಧಕ ವಸ್ತು. ಅದರ ಮೇಲೆ ಒಂದು ಕಡೆ ಇರುವ ಆವೇಶವು ಮತ್ತೊಂದು ಕಡೆಯಲ್ಲಿರುವ ತಂತಿಯವರೆಗೆ ಹರಿದು ಬರುವುದಿಲ್ಲ. ತಂತಿಯ ಆಸುಪಾಸಿನಲ್ಲಿ ಹೊಡೆತ ಕಡಿಮೆಯಾದೀತು, ಅಷ್ಟೇ. ಇನ್ನು ಕೆಲವರು ಕೊಳವೆಯ ಸುತ್ತ ಲೋಹದ ಹಾಳೆಯನ್ನೇ ಅಂಟಿಸುತ್ತಾರೆ. ಒಳಗೋಡೆಯ ಆವೇಶ ಹಾಗೂ ಹೊರಗಿನ ಲೋಹದ ನಡುವೆ ತೆಳುವಾದ ಪ್ಲಾಸ್ಟಿಕ್ ಸಿಕ್ಕಿಕೊಂಡಾಗ ಅದು ಸಂಧಾರಕದಂತೆ ಹೆಚ್ಚು ಶಕ್ತಿಯನ್ನು ಕೂಡಿಡಬಲ್ಲದಾದ್ದರಿಂದ ಈ ಕ್ರಮವನ್ನು ಅನುಸರಿಸಬಾರದು.

ನಿಜವಾದ ಅಪಾಯವಿರುವುದು ಪ್ಲಾಸ್ಟಿಕ್ಕಿನ ನಡುವೆ ಒಂಟಿಯಾಗಿ ಉಳಿದ ಲೋಹದ ಭಾಗಗಳಲ್ಲಿ. ಪ್ಲಾಸ್ಟಿಕ್ಕಿನ ಮೇಲಿನ ಆವೇಶ ಚೂರುಚೂರಾಗಿ ಬಿಡುಗಡೆಯಾದರೆ, ಲೋಹದಲ್ಲಿ ಕೂಡಿದ್ದು ಒಂದೇ ಕಿಡಿಯಲ್ಲಿ ಹೊರಬೀಳುತ್ತದೆ. ಬಾಗುವ ಕೊಳವೆಯೊಳಗಿನ ಉಕ್ಕಿನ ಸುರುಳಿ, ಗೇಟು, ಕ್ಲ್ಯಾಂಪು, ಚೀಲದೊಳಗಿನ ತಂತಿಯ ಪಂಜರ, ಧೂಳು ಬೀಳುವ ಪೀಪಾಯಿ ಇವೆಲ್ಲವೂ ಈ ಗುಂಪಿಗೆ ಸೇರುತ್ತವೆ. ಆದುದರಿಂದ ಹೊಸದಾಗಿ ಅಳವಡಿಸುವವರು ಜಿಐ ತಗಡಿನ ಕೊಳವೆಯನ್ನೇ ಆರಿಸಿಕೊಳ್ಳುವುದು ಲೇಸು. ಖರ್ಚು ಹೆಚ್ಚಾದರೂ ಅದು ಒಮ್ಮೆ ಮಾಡುವ ಖರ್ಚು. ಪ್ರತಿ ಜೋಡಣೆಯಲ್ಲಿ ಬಣ್ಣವನ್ನು ಕೆರೆದು, ಹೆಣೆದ ತಾಮ್ರದ ಪಟ್ಟಿಯಿಂದ ಎರಡೂ ತುಂಡುಗಳನ್ನು ಬೆಸೆಯಬೇಕು. ಬಾಗುವ ಕೊಳವೆಯ ಎರಡೂ ತುದಿಗಳಲ್ಲಿ ಪ್ಲಾಸ್ಟಿಕ್ ಸುಲಿದು, ಉಕ್ಕಿನ ತಂತಿಯನ್ನು ಹೊರತೆಗೆದು ಯಂತ್ರದ ಮೈಗೂ ಕೊಳವೆಗೂ ಬಿಗಿಯಬೇಕು. ಚೀಲಗಳಿಗೆ ವಿದ್ಯುದಾವೇಶ ನಿರೋಧಕ ಬಟ್ಟೆ ದೊರೆಯುತ್ತದೆ. ಪೂರ್ಣ ಮಾರ್ಗದರ್ಶನಕ್ಕೆ ಭಾರತೀಯ ಮಾನಕ ಐಎಸ್ 7689 ಅನ್ನೂ, ಅರ್ಥಿಂಗ್ ಕುರಿತು ಐಎಸ್ 3043 ಅನ್ನೂ ನೋಡಬಹುದು.

ಅರ್ಥಿಂಗ್ ಗುಂಡಿಯ ಪರೀಕ್ಷೆ

ಸ್ಥಾಯೀ ವಿದ್ಯುತ್ತು ಹರಿದು ಹೋಗಲು ಉತ್ತಮ ಗುಣಮಟ್ಟದ ಭೂಸಂಪರ್ಕವೇ ಬೇಕೆಂದಿಲ್ಲ. 10 ಲಕ್ಷ ಓಮ್‌ಗಳಷ್ಟು ರೋಧವಿದ್ದರೂ ಸಾಕಾಗುತ್ತದೆ. ಆದರೆ ಮೋಟಾರಿನ ನಿರೋಧಕ ಪದರ ಕೆಟ್ಟು ವಿದ್ಯುತ್ ಸೋರಿದಲ್ಲಿ, ಅದೇ ಅರ್ಥಿಂಗಿಗೆ ಜೋಡಿಸಿದ ಕೊಳವೆಯ ಜಾಲ ಪೂರ್ತಿ ವಿದ್ಯುತ್ ಹೊಂದುತ್ತದೆ. ಬಂಡೆ ಮತ್ತು ಒಣನೆಲದ ಈ ಪ್ರದೇಶದಲ್ಲಿ ಇದ್ದಿಲು, ಉಪ್ಪು ತುಂಬಿದ ಗುಂಡಿಯೂ ಬೇಸಿಗೆಯಲ್ಲಿ ಒಣಗಿ ಕೆಲಸಕ್ಕೆ ಬಾರದಂತಾಗಬಹುದು. ಗುಂಡಿಗೆ ವಾರಕ್ಕೊಮ್ಮೆಯಾದರೂ ನೀರು ಹಾಕಬೇಕು, ಮುಖ್ಯ ಫಲಕದಲ್ಲಿ ಸೋರಿಕೆ ತಡೆಯುವ ಸ್ವಿಚ್ಚನ್ನು ಅಳವಡಿಸಬೇಕು. ಬೇಸಿಗೆಗೆ ಮೊದಲು ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರಿಂದ ಗುಂಡಿಯ ರೋಧವನ್ನು ಅಳೆಸಿ ಬರೆದಿಡತಕ್ಕದ್ದು. ಲೋಹದ ಪ್ರತಿಯೊಂದು ಭಾಗದಿಂದ ಅರ್ಥಿಂಗ್ ಬಿಂದುವಿನವರೆಗಿನ ರೋಧ 10 ಓಮ್‌ಗಿಂತ ಕಡಿಮೆಯಿದೆಯೇ ಎಂಬುದನ್ನು ಸಾಧಾರಣ ಮಲ್ಟಿಮೀಟರಿನಿಂದಲೇ ನೋಡಬಹುದು.

ಕಾರ್ಯಾಗಾರದ ನೆಲಕ್ಕೆ ನೀರು ಚಿಮುಕಿಸಿ ಗಾಳಿಯನ್ನು ತೇವಗೊಳಿಸುವುದು ಪರಿಹಾರವಲ್ಲ. ಒಣಗಿಸಿದ ಮರ ಬಾಗುತ್ತದೆ, ಯಂತ್ರದ ಹಾಸುಗಳು ತುಕ್ಕು ಹಿಡಿಯುತ್ತವೆ.

ಹಳೆಯ ಮರದಲ್ಲಿ ಉಳಿದ ಮೊಳೆಗೆ ಯಂತ್ರ ತಾಗಿ ಎದ್ದ ಕೆಂಡವು ಚೀಲದೊಳಗೆ ಸೇರಿ ಹೊಗೆಯಾಡುತ್ತಿದ್ದು, ರಾತ್ರಿ ಘಟಕದಲ್ಲಿ ಯಾರೂ ಇಲ್ಲದಾಗ ಹೊತ್ತಿಕೊಳ್ಳಬಹುದು. ಮೊಳೆಗಳನ್ನು ಮೊದಲೇ ಕಿತ್ತು, ಸಂಜೆ ಕೆಲಸ ಮುಗಿಯುತ್ತಲೇ ಯಂತ್ರ ನಿಲ್ಲಿಸಿ, ಧೂಳು ಕುಳಿತ ಮೇಲೆ ಚೀಲವನ್ನು ಬರಿದು ಮಾಡಿ ಹೊಟ್ಟನ್ನು ಕಟ್ಟಡದಿಂದ ಹೊರಗೆ ಸಾಗಿಸಬೇಕು. ಬರಿದು ಮಾಡುವ ಜಾಗದಲ್ಲಿ ಬೀಡಿ, ಬೆಂಕಿಕಡ್ಡಿಗೆ ಆಸ್ಪದ ಕೊಡಬಾರದು.

ಅರ್ಜಿದಾರರು ಗಮನಿಸಬೇಕಾದ ಅಂಶ

ಕಾರ್ಖಾನೆಗಳ ಅಧಿನಿಯಮ, 1948ರ 37ನೆಯ ಪ್ರಕರಣವು ಸ್ಫೋಟಿಸಬಹುದಾದ ಧೂಳು ಉಂಟಾಗುವಲ್ಲಿ ಯಂತ್ರವನ್ನು ಆವರಿಸುವುದು, ಧೂಳು ಕೂಡದಂತೆ ತೆಗೆಯುವುದು, ಕಿಡಿಯ ಮೂಲಗಳನ್ನು ದೂರವಿಡುವುದು ಎಂಬ ಮೂರು ಕ್ರಮಗಳನ್ನು ವಿಧಿಸಿತ್ತು. 2025ರ ನವೆಂಬರ್ 21ರಿಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020 ಜಾರಿಗೆ ಬಂದಿದೆ. ಕೆಲಸಗಾರರ ಸಂಖ್ಯೆ ಕಡಿಮೆಯಿದ್ದು ಕಾರ್ಖಾನೆಯ ವ್ಯಾಖ್ಯೆಗೆ ಒಳಪಡದ ಘಟಕಗಳಲ್ಲಿಯೂ ಧೂಳಿನ ಸ್ವಭಾವ ಬೇರೆಯಲ್ಲ. ನಕ್ಷೆ ಸಲ್ಲಿಸುವವರು ಧೂಳು ಹೀರುವ ಯಂತ್ರ, ಕೊಳವೆಯ ಮಾರ್ಗ ಮತ್ತು ಅರ್ಥಿಂಗ್ ಗುಂಡಿಯ ಸ್ಥಾನಗಳನ್ನು ಆರಂಭದಲ್ಲಿಯೇ ಗುರುತಿಸಿ ತೋರಿಸಿದಲ್ಲಿ, ಕಟ್ಟಡ ಎದ್ದ ಮೇಲೆ ಗೋಡೆ ಒಡೆಯುವ ಪ್ರಮೇಯ ಬರುವುದಿಲ್ಲ. ಧೂಳು ಸಂಗ್ರಹವಾಗುವ ಪೆಟ್ಟಿಗೆಯನ್ನು ಸಾಧ್ಯವಿದ್ದಷ್ಟೂ ಕಟ್ಟಡದ ಹೊರಗೆ, ಜನ ಓಡಾಡದ ಬದಿಯಲ್ಲಿ ತೋರಿಸುವುದು.