ಸುಟ್ಟ ಬೋರ್ಡು, ಉಳಿದ ಹಾಡು

ರೇಡಿಯೋ ಪೆಟ್ಟಿಗೆ ಕೆಟ್ಟು ಮಾತು ನಿಂತರೆ ಹಾಡುವವರೇ ಊರು ಬಿಟ್ಟರೆಂದು ಯಾರೂ ತಿಳಿಯುವುದಿಲ್ಲ. ಒಳಗಿನ ಯಾವುದೋ ಭಾಗ ಹೋಗಿದೆ, ರಿಪೇರಿಯವರ ಬಳಿಗೆ ಒಯ್ಯೋಣ ಎನ್ನುತ್ತೇವೆ. ಆದರೆ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ನಿಂತುಹೋದ ದಿನ ಅದೇ ನಾವು ‘ಎಲ್ಲವೂ ಹೋಯಿತು’ ಎಂದು ತಲೆಯ ಮೇಲೆ ಕೈಹೊತ್ತು ಕುಳಿತುಬಿಡುತ್ತೇವೆ. ಈ ನಿರಾಶೆ ಅನೇಕ ಸಲ ಅನವಶ್ಯಕವಾದುದು. ಅದು ಹೇಗೆಂಬುದನ್ನು ಈಗ ನೋಡೋಣ.

ಹೊಸಪೇಟೆಗೂ ಬಳ್ಳಾರಿಗೂ ನಡುವೆ ಇರುವ ತೋರಣಗಲ್ಲಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ಯಜಮಾನರು ಉಕ್ಕಿನ ಕಾರ್ಖಾನೆಯಲ್ಲಿ ಪಾಳಿಯ ಕೆಲಸದವರು. ಸಂಡೂರಿನ ಕಡೆಯ ಅವರ ಅಜ್ಜಿ ಬೀಸುವ ಕಲ್ಲಿನ ಮುಂದೆ ಹೇಳುತ್ತಿದ್ದ ಹಾಡುಗಳನ್ನು ಮುದ್ರಿಸಿಕೊಂಡು, ಮೇಜಿನ ಮೇಲಿನ ಹಾರ್ಡ್ ಡಿಸ್ಕಿನಲ್ಲಿ ಇಟ್ಟಿದ್ದಾರೆ. ಅಜ್ಜಿ ಈಗ ಇಲ್ಲ. ಹಾಡುಗಳ ಬೇರೆ ಪ್ರತಿಯೂ ಇಲ್ಲ. ಒಂದು ಸಂಜೆ ಯಾರೋ ಆ ಡಿಸ್ಕಿಗೆ ಅದರದೇ ೧೨ ವೋಲ್ಟಿನ ಅಡಾಪ್ಟರನ್ನು ಬಿಟ್ಟು ಲ್ಯಾಪ್‌ಟಾಪಿನ ೧೯ ವೋಲ್ಟಿನದನ್ನು ಚುಚ್ಚಿದರು. ಎರಡರ ತುದಿಯೂ ಒಂದೇ ಅಳತೆ, ತಪ್ಪು ತಿಳಿಯಲಿಲ್ಲ. ‘ಚಟ್’ ಎಂಬ ಸದ್ದು, ತುಸು ಸುಟ್ಟ ವಾಸನೆ, ಆಮೇಲೆ ಮೌನ. ಇಂತಹ ಅವಘಡ ಯಾವ ಮನೆಯಲ್ಲಾದರೂ ನಡೆಯಬಹುದು. ಅಜ್ಜಿಯ ಹಾಡು ಉಳಿದಿದೆಯೇ ಎಂಬುದೇ ಪ್ರಶ್ನೆ.

ಉತ್ತರ ತಿಳಿಯಲು ಡಿಸ್ಕಿನ ರಚನೆಯನ್ನು ಸ್ವಲ್ಪ ಅರಿಯಬೇಕು. ಗ್ರಾಮಫೋನನ್ನು ಕಂಡವರಿಗೆ ಇದು ಕಷ್ಟವಲ್ಲ. ಅಲ್ಲಿ ತಟ್ಟೆ, ಇಲ್ಲಿಯೂ ತಟ್ಟೆ. ಅಲ್ಲಿ ಮುಳ್ಳು, ಇಲ್ಲಿ ಅದರ ಸ್ಥಾನದಲ್ಲಿ ‘ಹೆಡ್’ ಎಂಬ ಪುಟ್ಟ ಭಾಗ. ೧೯೫೬ರಲ್ಲಿ ಐಬಿಎಂ ಸಂಸ್ಥೆ ಹೊರತಂದ ಮೊದಲ ಡಿಸ್ಕಿನಲ್ಲಿ ೨೪ ಅಂಗುಲ ಅಗಲದ ೫೦ ತಟ್ಟೆಗಳಿದ್ದವು. ಇಂದಿನದು ಅಂಗೈಯಲ್ಲಿ ಹಿಡಿಸುತ್ತದೆ. ತಟ್ಟೆ ನಿಮಿಷಕ್ಕೆ ಸಾಮಾನ್ಯವಾಗಿ ೫೪೦೦ ಅಥವಾ ೭೨೦೦ ಸುತ್ತು ತಿರುಗುತ್ತದೆ. ಹೆಡ್ ತಟ್ಟೆಯನ್ನು ಮುಟ್ಟದೆ ಅದರ ಮೇಲೆ ತೇಲುತ್ತದೆ. ನಡುವಣ ಅಂತರ ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಕೆಲವೇ ಪಾಲು. ಹಾಡು, ಚಿತ್ರ, ಲೆಕ್ಕಪತ್ರ ಎಲ್ಲವೂ ತಟ್ಟೆಯ ಮೇಲೆ ಕಾಂತದ ಗುರುತುಗಳಾಗಿ ಕುಳಿತಿರುತ್ತವೆ. ವಿದ್ಯುತ್ತು ಇಲ್ಲದಿದ್ದರೂ ಅವು ಅಳಿಯುವುದಿಲ್ಲ.

ಇನ್ನು ಡಿಸ್ಕನ್ನು ಮಗುಚಿ ನೋಡಿದರೆ ಹಸಿರು ಅಥವಾ ನೀಲಿ ಬಣ್ಣದ ಒಂದು ಸರ್ಕ್ಯೂಟ್ ಬೋರ್ಡ್ ಕಾಣುತ್ತದೆ. ಮೋಟಾರನ್ನು ತಿರುಗಿಸುವುದು, ಹೆಡ್ಡನ್ನು ನಡೆಸುವುದು, ಓದಿದ್ದನ್ನು ಕಂಪ್ಯೂಟರಿಗೆ ಒಪ್ಪಿಸುವುದು ಇದರ ಕೆಲಸ. ಹೊರಗಿನ ವಿದ್ಯುತ್ತು ಮೊದಲು ತಾಗುವುದೂ ಇದಕ್ಕೇ. ಆದ್ದರಿಂದ ಬೋರ್ಡು ಸುಟ್ಟರೂ ತಟ್ಟೆ ಕ್ಷೇಮವಾಗಿರುವ ಸಂಭವ ಬಹಳ.

ಅದೃಷ್ಟ ಚೆನ್ನಾಗಿದ್ದರೆ ಇಡೀ ಬೋರ್ಡೂ ಸುಟ್ಟಿರುವುದಿಲ್ಲ. ವಿದ್ಯುತ್ತು ಬರುವ ಬಾಗಿಲಲ್ಲೇ ‘ಟಿವಿಎಸ್ ಡಯೋಡ್’ ಎಂಬ ಕಾವಲುಗಾರರನ್ನು ನಿಲ್ಲಿಸಿರುತ್ತಾರೆ; ದೊಡ್ಡ ಡಿಸ್ಕಿನಲ್ಲಿ ೫ ವೋಲ್ಟಿಗೆ ಒಂದು, ೧೨ ವೋಲ್ಟಿಗೆ ಒಂದು. ಮಿತಿ ಮೀರಿದ ವೋಲ್ಟೇಜು ನುಗ್ಗಿದಾಗ ಈ ಡಯೋಡು ಅದನ್ನು ನೆಲದ ದಾರಿಗೆ ತಿರುಗಿಸಿ ತಾನು ಸುಟ್ಟುಕೊಳ್ಳುತ್ತದೆ. ಮೀಟರಿನಲ್ಲಿ ಅಳೆದಾಗ ಅದರ ರೋಧ ಸೊನ್ನೆಯ ಹತ್ತಿರ ಬಂದರೆ ಅದೇ ಗುರುತು. ನುರಿತವರು ಅದನ್ನು ಕಿತ್ತರೆ ಡಿಸ್ಕ್ ಎಷ್ಟೋ ಸಲ ಮತ್ತೆ ತಿರುಗುತ್ತದೆ. ಆದರೆ ಆಗ ಕಾವಲು ಇಲ್ಲ. ಸರಿಯಾದ ಅಡಾಪ್ಟರಿನಿಂದಲೇ ನಡೆಸಿ, ಕೂಡಲೇ ಎಲ್ಲವನ್ನೂ ಬೇರೆಡೆಗೆ ನಕಲು ಮಾಡಿಕೊಳ್ಳಬೇಕು.

ಬೋರ್ಡೇ ಕೆಟ್ಟಿದ್ದರೆ ಅಂಥದೇ ಇನ್ನೊಂದನ್ನು ತಂದು ಹಾಕಿದರಾಯಿತಲ್ಲ ಎಂದು ನೀವು ಕೇಳಬಹುದು. ಹಳೆಯ ಡಿಸ್ಕುಗಳಲ್ಲಿ ಬಹುಮಟ್ಟಿಗೆ ಹಾಗೆಯೇ ನಡೆಯುತ್ತಿತ್ತು. ಈಗಿನವುಗಳಲ್ಲಿ ಅದು ಸಾಲದು. ಒಂದು ಡಿಸ್ಕಿನ ಹೆಡ್ಡುಗಳು ಇನ್ನೊಂದರ ಹೆಡ್ಡುಗಳಂತೆ ಇರುವುದಿಲ್ಲ. ಕಾರ್ಖಾನೆಯಲ್ಲಿ ಪ್ರತಿಯೊಂದು ಡಿಸ್ಕನ್ನೂ ಪರೀಕ್ಷಿಸಿ, ಅದರ ಸೂಕ್ಷ್ಮ ಹೊಂದಾಣಿಕೆಗಳನ್ನು ಬೋರ್ಡಿನ ಮೇಲಿನ ‘ರಾಮ್’ ಅಲ್ಲದ, ‘ರೋಮ್’ ಎಂಬ ಚಿಪ್ಪಿನಲ್ಲಿ ಬರೆದಿಟ್ಟಿರುತ್ತಾರೆ. ಹಿಂದಿನ ಕಾಲದಲ್ಲಿ ಊರಿಗೆ ಹೊಸ ಶಾನುಭೋಗರು ಬಂದರೆಂದು ಭಾವಿಸಿ. ಅವರು ಎಷ್ಟೇ ಬುದ್ಧಿವಂತರಾಗಿರಲಿ, ಹಳೆಯ ಕಡತ ಕೈಗೆ ಬರುವ ತನಕ ಯಾವ ಹೊಲ ಯಾರದೆಂದು ಹೇಳಲಾರರು. ಹೊಸ ಬೋರ್ಡಿನ ಪಾಡೂ ಅಷ್ಟೇ. ಡಿಸ್ಕ್ ತಿರುಗೀತು, ಆದರೆ ಓದಲಾರದೆ ‘ಟಿಕ್ ಟಿಕ್’ ಎಂದು ತಡವರಿಸೀತು.

ಹೀಗಾಗಿ ಕೆಲಸ ಎರಡು ಹಂತದ್ದು. ಮೊದಲು, ಡಿಸ್ಕಿನ ಮೇಲಿನ ಚೀಟಿಯನ್ನಷ್ಟೇ ನಂಬದೆ ಬೋರ್ಡಿನ ಮೇಲೆಯೇ ಅಚ್ಚಾದ ಸಂಖ್ಯೆಗೆ ಸರಿಹೊಂದುವ ಬೋರ್ಡನ್ನು ಹುಡುಕಬೇಕು. ಎರಡನೆಯದಾಗಿ, ಹಳೆಯ ಬೋರ್ಡಿನ ರೋಮ್ ಚಿಪ್ಪನ್ನು ಬಿಸಿಗಾಳಿಯ ಯಂತ್ರದಿಂದ ಬಿಡಿಸಿ ಹೊಸದಕ್ಕೆ ಬೆಸೆಯಬೇಕು. ಎಂಟು ಕಾಲಿನ, ಕಡಲೆಬೇಳೆಯಷ್ಟು ಚಿಕ್ಕದಾದ ಚಿಪ್ಪು ಅದು. ಬಿಸಿ ಹೆಚ್ಚಾದರೆ ಕಡತವೇ ಸುಟ್ಟಂತೆ. ಕೆಲವು ಡಿಸ್ಕುಗಳಲ್ಲಿ ಇದು ಬೇರೆಯಾಗಿರದೆ ದೊಡ್ಡ ಚಿಪ್ಪಿನೊಳಗೇ ಅಡಗಿರುತ್ತದೆ. ಆಗ ಕೆಲಸ ಇನ್ನೂ ಕಠಿಣ. ಕೈಯಲ್ಲಿ ಒಯ್ಯುವ ಕೆಲವು ಡಿಸ್ಕುಗಳು ಬರೆಯುವಾಗಲೇ ಎಲ್ಲವನ್ನೂ ಗೂಢಲಿಪಿಗೆ ತಿರುಗಿಸುತ್ತವೆ. ಅದನ್ನು ಬಿಡಿಸಲು ಅವುಗಳ ಸ್ವಂತ ಚಿಪ್ಪೇ ಬೇಕಾಗುತ್ತದೆ. ಆದುದರಿಂದ, ವಾಚಕರೇ, ಸುಟ್ಟ ಬೋರ್ಡನ್ನಾಗಲಿ ಡಿಸ್ಕಿನ ಪೆಟ್ಟಿಗೆಯನ್ನಾಗಲಿ ಎಂದಿಗೂ ಗುಜರಿಗೆ ಹಾಕಬೇಡಿ. ಬೀಗದ ಕೈ ಅದರಲ್ಲೇ ಇರಬಹುದು.

ಕೆಟ್ಟದ್ದು ಬೋರ್ಡೇ ಎಂದು ತಿಳಿಯುವುದೆಂತು? ಸದ್ದೇ ಇಲ್ಲದ ಮೌನ, ಸುಟ್ಟ ವಾಸನೆ, ಕಪ್ಪಾದ ಚಿಪ್ಪು, ಇವು ಬೋರ್ಡಿನ ಕಡೆಗೆ ಬೆರಳು ತೋರುತ್ತವೆ. ಬೋರ್ಡು ಮುಟ್ಟದೆ ಇದ್ದಕ್ಕಿದ್ದಂತೆ ‘ಟಿಕ್ ಟಿಕ್’ ಎಂಬ ಸದ್ದು ಬಂದರೆ ಸಂಶಯ ಹೆಡ್ಡಿನ ಮೇಲೆ. ಅಂಥದನ್ನು ಮತ್ತೆ ಮತ್ತೆ ಚಾಲೂ ಮಾಡಿದರೆ ಹೆಡ್ಡು ತಟ್ಟೆಯನ್ನು ಕೆರೆದು, ಉಳಿದದ್ದೂ ಹೋದೀತು. ಹೆಡ್ಡಿನ ಬಳಿ ಒಳಗೇ ಇರುವ ಚಿಕ್ಕ ಆಂಪ್ಲಿಫೈಯರಿಗೆ ಪೆಟ್ಟು ಮುಟ್ಟಿದ್ದರೂ ಬೋರ್ಡು ಬದಲಿಸಿ ಪ್ರಯೋಜನವಿಲ್ಲ. ಹೊಸ ಬಗೆಯ ‘ಎಸ್‌ಎಸ್‌ಡಿ’ಗಳಲ್ಲಿ ತಟ್ಟೆಯೇ ಇಲ್ಲವಾದ್ದರಿಂದ ಈ ಉಪಾಯ ಅವಕ್ಕೆ ಸಲ್ಲದು.

ಬೋರ್ಡು ಹೊರಮೈಯಲ್ಲಿದೆ, ಅದನ್ನು ಬಿಚ್ಚಲು ತಟ್ಟೆಯ ಮುಚ್ಚಳ ತೆಗೆಯಬೇಕಾಗಿಲ್ಲ. ಈ ಮಾತನ್ನು ಅದಿರಿನ ಕೆಂಧೂಳು ಕಿಟಕಿಯ ಸರಳಿನ ಮೇಲೂ ಕೂರುವ ಸೀಮೆಯವರು ವಿಶೇಷವಾಗಿ ನೆನಪಿಡಬೇಕು. ಕುತೂಹಲಕ್ಕೆಂದು ಮುಚ್ಚಳ ತೆರೆದರೆ, ಆ ಧೂಳಿನ ಒಂದು ಕಣ ಹೆಡ್ಡಿಗೆ ಹಾದಿಯಲ್ಲಿ ಬಂಡೆಯಂತೆ ಅಡ್ಡ ಬರುತ್ತದೆ.

ಇದೆಲ್ಲಾ ಆಗುವ ಮಾತೇ ಎಂಬ ಅನುಮಾನವಿದ್ದರೆ ಒಂದು ಸಂಗತಿ ಕೇಳಿ. ೨೦೦೩ರ ಫೆಬ್ರವರಿ ೧ರಂದು ಕೊಲಂಬಿಯಾ ಗಗನನೌಕೆ ಭೂಮಿಗೆ ಮರಳುವಾಗ ಛಿದ್ರವಾಗಿ, ನಮ್ಮ ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ತೀರಿಕೊಂಡರು. ಅವಶೇಷಗಳಲ್ಲಿ ಒಂದು ಹಾರ್ಡ್ ಡಿಸ್ಕ್ ಸಿಕ್ಕಿತು. ಅದರ ಬೋರ್ಡು ಗುರುತು ಸಿಗದಷ್ಟು ಸುಟ್ಟಿತ್ತು, ಪ್ಲಾಸ್ಟಿಕ್ಕು ಕರಗಿತ್ತು. ತಜ್ಞರು ತಟ್ಟೆಗಳನ್ನು ಶುಚಿಮಾಡಿ ಬೇರೊಂದು ಡಿಸ್ಕಿನಲ್ಲಿಟ್ಟು ಓದಿ, ಶೇಕಡಾ ೯೯ರಷ್ಟು ಮಾಹಿತಿಯನ್ನು ಹೊರತೆಗೆದರು. ಅಂತರಿಕ್ಷದಲ್ಲಿ ಕ್ಸೆನಾನ್ ಅನಿಲದ ಮೇಲೆ ನಡೆಸಿದ್ದ ಆ ಪ್ರಯೋಗದ ಫಲಿತಾಂಶ ೨೦೦೮ರಲ್ಲಿ ಪ್ರಕಟವೂ ಆಯಿತು. ಅದು ವಿಶೇಷ ಪ್ರಯೋಗಶಾಲೆಯ ಕೆಲಸ, ನಿಜ. ಆದರೆ ಆಕಾಶದಿಂದ ಬಿದ್ದ ತಟ್ಟೆಯೇ ಉಳಿಯಿತೆಂದ ಮೇಲೆ, ಮೇಜಿನ ಮೇಲೆ ಒಂದು ‘ಚಟ್’ ಸದ್ದಿಗೆ ನಾವು ಆಸೆ ಬಿಡಬೇಕಾದ್ದಿಲ್ಲ.

ತೋರಣಗಲ್ಲಿನ ಆ ಮನೆಯವರು ಈಗ ಮಾಡಬೇಕಾದ್ದು ಇಷ್ಟು: ಅಡಾಪ್ಟರನ್ನು ಕೀಳುವುದು, ಮತ್ತೆ ಪ್ರಯತ್ನಿಸದಿರುವುದು, ಎಲ್ಲ ಭಾಗಗಳನ್ನೂ ಒಟ್ಟಿಗೆ ಕಟ್ಟಿ ಬಲ್ಲವರ ಬಳಿಗೆ ಒಯ್ಯುವುದು. ಹಾಡು ಮರಳಿ ಬಂದ ದಿನ, ಕೇಳಲು ಕೂರುವ ಮೊದಲು ಎರಡು ಪ್ರತಿ ಮಾಡಿ, ಒಂದನ್ನು ಬೇರೆ ಊರಿನ ನೆಂಟರ ಮನೆಯಲ್ಲಿಡಲಿ. ಅಡಾಪ್ಟರಿನ ತುದಿಗೆ ಅದು ಯಾವ ಯಂತ್ರದ್ದೆಂದು ಬರೆದ ಒಂದು ಚೀಟಿ ಅಂಟಿಸಲಿ. ನಿಮ್ಮ ಮನೆಯಲ್ಲಿ ಈ ಎರಡು ಕೆಲಸಗಳನ್ನು ಇಂದೇ ಮಾಡಬಹುದು.