ಕಪ್ಪಡಿಯ ಪದ, ಕ್ಯಾಸೆಟ್ಟಿನ ಒಡೆತನ

ಆಲ್ಬಂ ಕೊಳ್ಳದೆ ಹಾಡನ್ನು ಪುಕ್ಕಟೆ ಡೌನ್‌ಲೋಡ್ ಮಾಡಿಕೊಳ್ಳುವುದು ತಪ್ಪೇ ಎಂಬ ಪ್ರಶ್ನೆ ಸಿನಿಮಾ ಹಾಡಿನ ಮಟ್ಟಿಗೆ ಸರಳವಾಗಿ ಕಂಡರೂ, ಮೈಸೂರು ಸೀಮೆಯ ಮಂಟೇಸ್ವಾಮಿ ಕಾವ್ಯದ ವಿಷಯದಲ್ಲಿ ತೊಡಕಾಗುತ್ತದೆ. ಕೆ.ಆರ್. ನಗರ ಸೀಮೆಯ ಕಾವೇರಿ ದಡದಲ್ಲಿರುವ ಕಪ್ಪಡಿಯು ಮಂಟೇಸ್ವಾಮಿ ಪರಂಪರೆಯ ರಾಚಪ್ಪಾಜಿ ಮತ್ತು ಚನ್ನಾಜಮ್ಮನವರ ಗದ್ದುಗೆಗಳ ಕ್ಷೇತ್ರವಾಗಿದ್ದು, ಶಿವರಾತ್ರಿಯ ಹೊತ್ತಿಗೆ ನಡೆಯುವ ಅಲ್ಲಿಯ ಜಾತ್ರೆಯಲ್ಲಿ ನೀಲಗಾರರು, ಅಂದರೆ ದೀಕ್ಷೆ ಪಡೆದು ತಂಬೂರಿ, ಗಗ್ಗರ ಹಿಡಿದು ಈ ಕಾವ್ಯವನ್ನು ಹಾಡುವ ಗುಡ್ಡರು, ಒಕ್ಕಲಿನವರು ಕೊಟ್ಟ ಕಾಣಿಕೆಯನ್ನು ಸ್ವೀಕರಿಸಿ ಹಾಡುತ್ತ ಬಂದಿದ್ದಾರೆ. ಇದೇ ಪದಗಳು ಮೊದಲು ಕ್ಯಾಸೆಟ್ಟಿಗೆ, ಆಮೇಲೆ ಸಿ.ಡಿ.ಗೆ, ಕೊನೆಗೆ ಮೊಬೈಲ್ ಅಂಗಡಿಯವರು ಚಿಲ್ಲರೆ ಕಾಸಿಗೆ ತುಂಬಿಕೊಡುವ ಮೆಮೊರಿ ಕಾರ್ಡಿಗೆ ಇಳಿದವು.

ಪರಂಪರೆಯ ಪದಕ್ಕೆ ಕಾನೂನಿನ ಕಣ್ಣಿನಲ್ಲಿ ಒಡೆಯರಿಲ್ಲ. ಅದನ್ನು ಯಾರು ಬೇಕಾದರೂ ಹಾಡಬಹುದು, ಹೊಸದಾಗಿ ಧ್ವನಿಮುದ್ರಿಸಲೂಬಹುದು. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣವೇ ಪ್ರತ್ಯೇಕ ಕೃತಿಯಾಗಿದ್ದು, ಅದರ ಕರ್ತೃ ಹಾಡಿದವನಲ್ಲ, ಮುದ್ರಣದ ಹೊಣೆ ಹೊತ್ತ ನಿರ್ಮಾಪಕ, ಮತ್ತು ಪ್ರಕಟವಾದ ಮೇಲೆ 60 ವರ್ಷ ಆ ಹಕ್ಕು ಉಳಿಯುತ್ತದೆ. ಗಾಯಕನಿಗೆ ಪ್ರದರ್ಶಕನ ಹಕ್ಕು ದೊರೆತದ್ದು 1994ರ ತಿದ್ದುಪಡಿಯಿಂದ. ವಾಣಿಜ್ಯ ಬಳಕೆಗೆ ರಾಯಧನ ಪಡೆಯುವ ಹಕ್ಕು ಸ್ಪಷ್ಟವಾದದ್ದು 2012ರಲ್ಲಿ. ಜಾನಪದ ಕ್ಯಾಸೆಟ್ಟುಗಳ ಭರಾಟೆಯ ಕಾಲದಲ್ಲಿ ಒಂದೇ ಸಲ ಹಣ ಕೊಟ್ಟು ಲೆಕ್ಕ ಮುಗಿಸುವ ರೂಢಿಯೇ ಹೆಚ್ಚಾಗಿದ್ದುದರಿಂದ, ಕೊಂಡವನು ತೆತ್ತ ದುಡ್ಡು ಹಾಡಿದವನನ್ನು ತಲುಪುತ್ತಿತ್ತೆಂದು ನಂಬುವುದು ಕಷ್ಟ.

ಹಾಗೆಂದು ನಕಲು ನ್ಯಾಯವಾಗುವುದಿಲ್ಲ. ಹಾಡು ತುಂಬಿ ಹಣ ಪಡೆಯುವ ಅಂಗಡಿಯವನು ಕಲಾವಿದನಿಗೂ ಕೊಡುವುದಿಲ್ಲ, ಕಂಪನಿಗೂ ಕೊಡುವುದಿಲ್ಲ. ತಿಳಿದೇ ಮಾಡಿದ ಇಂಥ ಉಲ್ಲಂಘನೆಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡವಿದೆ. ಕರ್ನಾಟಕದ ಗೂಂಡಾ ಕಾಯ್ದೆಯಂತೂ ತನ್ನ ಉದ್ದನೆಯ ಹೆಸರಿನಲ್ಲೇ ಕಳ್ಳಭಟ್ಟಿಯವರ ಸಾಲಿನಲ್ಲಿ ಆಡಿಯೊ ನಕಲುಗಾರರನ್ನೂ ಕೂರಿಸಿದೆ, ಅದು ಸ್ವಲ್ಪ ಅತಿಯೇ ಆಯಿತು. ಕೇಳಿ ಸಂತೋಷಪಡುವ ಭಕ್ತನ ತಪ್ಪನ್ನು ಮಾರಿ ಗಳಿಸುವವನ ತಪ್ಪಿನೊಡನೆ ಸಮವಾಗಿ ತೂಗಲಾಗದು.

ಕಂಪನಿಯೇ ಕಲಾವಿದನಿಗೆ ಏನೂ ಕೊಡುವುದಿಲ್ಲವೆಂಬ ಸಮಾಧಾನ ನಕಲು ಮಾಡುವವರಿಗೆ ಈವರೆಗೆ ಒದಗಿಬಂದಿದೆ. ಈಗ ನೀಲಗಾರನೇ ತನ್ನ ಮೊಬೈಲಿನಲ್ಲಿ ಮುದ್ರಿಸಿ ಯೂಟ್ಯೂಬಿಗೆ ಹಾಕಿದರೆ ನಿರ್ಮಾಪಕನೂ ಅವನೇ, ಪ್ರದರ್ಶಕನೂ ಅವನೇ ಆಗುತ್ತಾನೆ, ಹಕ್ಕಿಗೆ ನೋಂದಣಿಯೂ ಕಡ್ಡಾಯವಲ್ಲ. ಅದನ್ನು ಅನುಮತಿ ಕೇಳದೆ ಇಳಿಸಿಕೊಂಡು ಹಂಚುವವನು ಕಂಪನಿಯ ನೆಪವಿಲ್ಲದೆ ನೇರವಾಗಿ ಹಾಡುಗಾರನ ಜೋಳಿಗೆಗೇ ಕೈ ಹಾಕಿದಂತಾಗುತ್ತದೆ.