ಪಿಎಚ್.ಡಿ. ಸಂಶೋಧನೆ ಮತ್ತು ಪೇಟೆಂಟ್ ಹಕ್ಕು: ಉದ್ಯಮಿಗಳು ಅರಿಯಬೇಕಾದ ಕ್ರಮ

ಕಿಣ್ವ, ಯೀಸ್ಟ್, ಜೈವಿಕ ಗೊಬ್ಬರ ಮೊದಲಾದವುಗಳನ್ನು ತಯಾರಿಸುವ ಸಣ್ಣ ಘಟಕಗಳಿಗೆ ಸ್ವಂತ ಪ್ರಯೋಗಾಲಯ ನಡೆಸುವುದು ದುಬಾರಿ. ಆದುದರಿಂದ ಅವು ವಿಶ್ವವಿದ್ಯಾಲಯಗಳ ಜೀವಕೋಶ ಹಾಗೂ ಅಣುಜೀವವಿಜ್ಞಾನ ವಿಭಾಗಗಳ ನೆರವು ಪಡೆಯುವುದುಂಟು. ಅಲ್ಲಿ ದಿನನಿತ್ಯದ ಪ್ರಯೋಗಗಳನ್ನು ನಡೆಸುವವರು ಬಹುಮಟ್ಟಿಗೆ ಪಿಎಚ್.ಡಿ. ವಿದ್ಯಾರ್ಥಿಗಳು. ವಿದ್ಯಾರ್ಥಿಯ ಭವಿಷ್ಯ ನಿಂತಿರುವುದು ಶೋಧವನ್ನು ಪ್ರಕಟಿಸುವುದರ ಮೇಲೆ. ಉದ್ಯಮಿಯ ಪೇಟೆಂಟ್ ನಿಂತಿರುವುದು ಪ್ರಕಟಣೆಗೆ ಮುನ್ನ ಅರ್ಜಿ ಸಲ್ಲಿಸುವುದರ ಮೇಲೆ. ಈ ಕ್ರಮ ತಪ್ಪಿದರೆ ಹೂಡಿದ ಹಣಕ್ಕೆ ರಕ್ಷಣೆ ಉಳಿಯದು.

ಅಮೆರಿಕದ ಒಂದು ಪ್ರಕರಣ ಇದನ್ನು ಸ್ಪಷ್ಟಪಡಿಸುತ್ತದೆ. ಸ್ಟ್ಯಾನ್‌ಫರ್ಡ್‌ನ ಸ್ಟ್ಯಾನ್ಲಿ ಕೋಹೆನ್ ಮತ್ತು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹರ್ಬರ್ಟ್ ಬಾಯರ್, ಡಿಎನ್ಎಯನ್ನು ಕಿಣ್ವದಿಂದ ಕತ್ತರಿಸಿ, ಪ್ಲಾಸ್ಮಿಡ್‌ಗೆ ಜೋಡಿಸಿ, ಬ್ಯಾಕ್ಟೀರಿಯಾದೊಳಗೆ ವೃದ್ಧಿಪಡಿಸುವ ವಿಧಾನವನ್ನು 1973ರ ನವೆಂಬರ್‌ನಲ್ಲಿ ಪ್ರಕಟಿಸಿದರು. ಪೇಟೆಂಟ್ ಅರ್ಜಿ ಸಲ್ಲಿಕೆಯಾದುದು 1974ರ ನವೆಂಬರ್ 4ರಂದು. ಪ್ರಕಟಣೆಯ ನಂತರ ಒಂದು ವರ್ಷದ ಅವಕಾಶವನ್ನು ಅಮೆರಿಕದ ಕಾನೂನು ನೀಡಿದ್ದರಿಂದ ಅಲ್ಲಿನ ಹಕ್ಕು ಉಳಿಯಿತು. ಅಂತಹ ಅವಕಾಶವಿಲ್ಲದ ಇತರ ಬಹುತೇಕ ದೇಶಗಳಲ್ಲಿ ಕೈತಪ್ಪಿತು. 1980ರ ಡಿಸೆಂಬರ್ 2ರಂದು ದೊರೆತ ಮೊದಲ ಪೇಟೆಂಟ್ ಮತ್ತು ಅದರೊಂದಿಗಿನ ಪೇಟೆಂಟುಗಳು 1997ರವರೆಗೆ ಜಾರಿಯಲ್ಲಿದ್ದವು. 468 ಕಂಪನಿಗಳು ಪರವಾನಗಿ ಪಡೆದು, ಸುಮಾರು 25.5 ಕೋಟಿ ಡಾಲರ್ ಆದಾಯ ಬಂದಿತು.

ಇದೇ ಪ್ರಕರಣದಲ್ಲಿ ಮತ್ತೊಂದು ತೊಡಕೂ ಎದ್ದಿತು. ಸಂಶೋಧನಾ ಲೇಖನಗಳಲ್ಲಿ ಸಹಲೇಖಕರಾಗಿದ್ದ ರಾಬರ್ಟ್ ಹೆಲ್ಲಿಂಗ್ ಹಾಗೂ ಆಗ ಪಿಎಚ್.ಡಿ. ವಿದ್ಯಾರ್ಥಿಯಾಗಿದ್ದ ಜಾನ್ ಮಾರೋ ಅವರ ಹೆಸರು ಅರ್ಜಿಯಲ್ಲಿರಲಿಲ್ಲ. ತಾವು ಸಹ ಆವಿಷ್ಕಾರಕರಲ್ಲವೆಂಬ ಹೇಳಿಕೆಗೆ ಸಹಿ ಹಾಕಲು ಅವರು ಒಪ್ಪಲಿಲ್ಲ. ಲೇಖನದ ಲೇಖಕರೆಲ್ಲರೂ ಕಾನೂನಿನ ದೃಷ್ಟಿಯಲ್ಲಿ ಆವಿಷ್ಕಾರಕರಾಗುವುದಿಲ್ಲ. ಆದರೆ ಆವಿಷ್ಕಾರಕ್ಕೆ ನಿಜವಾಗಿ ಕಾರಣನಾದ ವಿದ್ಯಾರ್ಥಿಯನ್ನು ಕೈಬಿಡುವಂತೆಯೂ ಇಲ್ಲ.

ಭಾರತದ 1970ರ ಪೇಟೆಂಟ್ ಕಾಯಿದೆ ಇನ್ನೂ ಬಿಗಿಯಾದುದು. ಅಧಿಸೂಚಿತ ಪ್ರದರ್ಶನ, ವಿದ್ವತ್ ಸಂಸ್ಥೆಯ ಮುಂದೆ ಓದಿದ ಪ್ರಬಂಧ ಮುಂತಾದ ಕೆಲವೇ ಸಂದರ್ಭಗಳಿಗೆ 31ನೇ ಪ್ರಕರಣವು 12 ತಿಂಗಳ ವಿನಾಯಿತಿ ನೀಡುತ್ತದೆ. ಸಾಮಾನ್ಯ ನಿಯತಕಾಲಿಕೆಯ ಲೇಖನಕ್ಕೆ ಅದು ಅನ್ವಯಿಸದು. ಭಾರತೀಯ ವಿಶ್ವವಿದ್ಯಾಲಯಗಳ ಮಹಾಪ್ರಬಂಧಗಳು ‘ಶೋಧಗಂಗಾ’ದಲ್ಲಿ ಸಾರ್ವಜನಿಕರಿಗೆ ದೊರೆಯುತ್ತವೆ ಎಂಬುದನ್ನೂ ಮರೆಯಬಾರದು.

ಹಾಗೆಂದು ವಿದ್ಯಾರ್ಥಿಯ ಪ್ರಕಟಣೆಯನ್ನು ವರ್ಷಗಟ್ಟಲೆ ತಡೆಹಿಡಿಯುವುದು ನ್ಯಾಯವೂ ಅಲ್ಲ, ಅಗತ್ಯವೂ ಅಲ್ಲ. ಆವಿಷ್ಕಾರ ಒಂದು ರೂಪಕ್ಕೆ ಬಂದೊಡನೆ ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಸಲ್ಲಿಸಬಹುದು. ಪೂರ್ಣ ವಿವರಣೆಗೆ 12 ತಿಂಗಳ ಕಾಲಾವಕಾಶವಿದೆ. ತಾತ್ಕಾಲಿಕ ವಿವರಣೆಯಲ್ಲಿ ಒಳಗೊಂಡ ಅಂಶಗಳಿಗೆ ಮಾತ್ರ ಆ ದಿನಾಂಕದ ರಕ್ಷಣೆ ದೊರೆಯುವುದರಿಂದ, ಲೇಖನದಲ್ಲಿ ಬರಲಿರುವುದೆಲ್ಲವೂ ಅದರಲ್ಲಿ ಸೇರಿರಬೇಕು. ಅನಂತರ ಲೇಖನ ಪ್ರಕಟಿಸಲು ಅಡ್ಡಿಯಿಲ್ಲ.

ಆದುದರಿಂದ ಧನಸಹಾಯ ನೀಡುವ ಮುನ್ನವೇ ಲಿಖಿತ ಒಡಂಬಡಿಕೆಯಲ್ಲಿ ನಾಲ್ಕು ಅಂಶಗಳು ಇರುವುದು ಹಿತ: ಹಕ್ಕಿನ ಒಡೆತನ ಯಾರದು, ಆವಿಷ್ಕಾರಕರ ಹೆಸರುಗಳನ್ನು ನಿರ್ಧರಿಸುವ ಬಗೆ, ಪ್ರಕಟಣೆಗೆ ಮುನ್ನ ಕರಡನ್ನು ಪರಿಶೀಲಿಸಲು ಎಷ್ಟು ದಿನಗಳ ಅವಧಿ, ಅರ್ಜಿಯ ವೆಚ್ಚ ಭರಿಸುವವರು ಯಾರು. ಹಕ್ಕಿನ ವರ್ಗಾವಣೆ ಲಿಖಿತವಾಗಿಯೇ ಇರಬೇಕು; ಬಾಯಿಮಾತಿನ ಭರವಸೆ ಕಾನೂನಿನ ಮುಂದೆ ನಿಲ್ಲದು. ಈ ಕ್ರಮ ಪಾಲಿಸಿದಲ್ಲಿ ವಿದ್ಯಾರ್ಥಿಗೆ ಪದವಿ, ಉದ್ಯಮಿಗೆ ಹಕ್ಕು ಎರಡೂ ದಕ್ಕುತ್ತವೆ.